ಹುಳದ ಆಯಸ್ಸು, ನನ್ನ ದೋಸೆ

ತಪ್ಪು ನನ್ನದೇ. ಭಾನುವಾರ ಬೆಳಿಗ್ಗೆ ಮೊಬೈಲ್ ಹಿಡಿದು, ಅಡುಗೆಮನೆಗೆ ಕೇಳುವ ಹಾಗೆ "ಅಬ್ಬಾ, ಹುಳ!" ಅನ್ನಬಾರದಿತ್ತು.

ಓದುತ್ತಿದ್ದದ್ದು ಸಿ. ಎಲಿಗನ್ಸ್ ಎಂಬ ಹುಳದ ಬಗ್ಗೆ. ಉದ್ದ ಒಂದು ಮಿಲಿಮೀಟರ್. ಆಯಸ್ಸು ಎರಡು-ಮೂರು ವಾರ, ನಮ್ಮನೆ ಗ್ಯಾಸ್ ಸಿಲಿಂಡರ್ ಇದಕ್ಕಿಂತ ಜಾಸ್ತಿ ಬಾಳುತ್ತದೆ. ಮೈ ಗಾಜಿನ ಹಾಗೆ, ಬದುಕಿರುವಾಗಲೇ ಒಳಗಿನ ಜೀವಕೋಶಗಳು ಕಾಣುತ್ತವೆ. ವಿಜ್ಞಾನಿಗಳು ಕೂತು ಎಣಿಸಿದ್ದಾರೆ: ಲೈಂಗಿಕ ಕೋಶ ಬಿಟ್ಟು 959. ನಮ್ಮಲ್ಲಿ ಮದುವೆ ಮುಯ್ಯಿ ಎಣಿಸುವಾಗಲೇ ಮೂರು ಸಲ ಲೆಕ್ಕ ತಪ್ಪುತ್ತದೆ!

1993ರಲ್ಲಿ ಅಮೆರಿಕದ ವಿಜ್ಞಾನಿ ಸಿಂಥಿಯಾ ಕೆನ್ಯನ್ ತಂಡ ಈ ಹುಳದ ಒಂದೇ ಒಂದು ಜೀನ್ ಕೆಟ್ಟರೆ ಆಯಸ್ಸು ದುಪ್ಪಟ್ಟಾಗುತ್ತದೆ ಅಂತ ತೋರಿಸಿತು. ನನ್ನ ತಲೆ ಕೆಡಿಸಿದ್ದು ಮಾತ್ರ ನ್ಯೂಕ್ಲಿಯೋಲಸ್. ಕೋಶದ ನಡುವೆ ನ್ಯೂಕ್ಲಿಯಸ್, ಅದರೊಳಗೊಂದು ಚುಕ್ಕಿ. ಪ್ರೋಟೀನ್ ಕಟ್ಟುವ ರೈಬೋಸೋಮುಗಳು ತಯಾರಾಗುವ ಕಾರ್ಖಾನೆ ಅದು. ಹೆಚ್ಚು ಕಾಲ ಬಾಳುವ ಹುಳಗಳಲ್ಲಿ ಈ ಚುಕ್ಕಿ ಚಿಕ್ಕದಿರುತ್ತದಂತೆ. ಜರ್ಮನಿಯ ಕೊಲೋನ್‌ನಲ್ಲಿ ಕಂಡುಕೊಂಡು 2017ರಲ್ಲಿ ಪ್ರಕಟಿಸಿದ್ದಾರೆ. ಹುಳ ಕಡಿಮೆ ತಿಂದಾಗಲೂ ಈ ಚುಕ್ಕಿ ಕುಗ್ಗುತ್ತದೆ.

ಹುಳದ ಮಾತು ಮನುಷ್ಯನಿಗೆ ಹಾಗೆಹಾಗೇ ಹೊಂದುವುದಿಲ್ಲ, ಗೊತ್ತು. ಆದರೂ ನಲವತ್ತೆಂಟರ ಹೊಟ್ಟೆ ನೋಡಿಕೊಂಡೆ. ಚುಕ್ಕಿ ಕುಗ್ಗಿಸಲೇಬೇಕು.

"ಅಮ್ಮಾ, ನಂಗಿವತ್ತು ದೋಸೆ ಬೇಡ."

ದಾವಣಗೆರೆಯಲ್ಲಿ ಹುಟ್ಟಿದವನು ಭಾನುವಾರ ಬೆಣ್ಣೆದೋಸೆ ಬೇಡ ಅನ್ನುವುದೆಂದರೆ ಸಣ್ಣ ಸುದ್ದಿಯಲ್ಲ. ಅಮ್ಮ ಸೌಟು ಕೆಳಗಿಟ್ಟಳು. ಬೆಳಿಗ್ಗೆಯ "ಹುಳ", ಈಗಿನ "ಬೇಡ" ಎರಡನ್ನೂ ಕೂಡಿಸಿದಳು.

"ಲೇ, ಹೊಟ್ಟೇಲಿ ಹುಳ ಆಗ್ಯಾವಂತ ಮೊದ್ಲೇ ಹೇಳ್ಬಾರ್ದೇನೋ?"

ನ್ಯೂಕ್ಲಿಯೋಲಸ್ ಅಂತ ಬಾಯಿ ತೆರೆದೆ. ತೆರೆದ ಬಾಯಿಗೇ ಬೇವಿನ ಸೊಪ್ಪಿನ ರಸ ಬಿತ್ತು, ಅರ್ಧ ಲೋಟ. ಹಸಿರು, ಗಟ್ಟಿ, ಮೇಲೆ ನೊರೆ ಬೇರೆ. ನಾಲಿಗೆ, ಗಂಟಲು, ಕಿವಿಯವರೆಗೆ ಕಹಿ. ಬೆಲ್ಲ ಹುಡುಕಿದೆ, ಡಬ್ಬಿ ಖಾಲಿ.

ಅಷ್ಟರಲ್ಲಿ ಹೆಂಚಿನಿಂದ ಒಂದು ದೋಸೆ ಇಳಿಯಿತು. ಮೇಲೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆ, ಅಂಚಿಗೆ ಜಾರುತ್ತಾ ಕರಗುತ್ತಿತ್ತು. ಪಕ್ಕದಲ್ಲಿ ಬಿಳಿ ಆಲೂಗಡ್ಡೆ ಪಲ್ಯ, ಖಾರ ಚಟ್ನಿ. ಬಾಯಿ ಸುಮ್ನೆ ಸರಿಮಾಡಿಕೊಳ್ಳೋಣ ಅಂತ ಒಂದು ತುತ್ತು ಮುರಿದೆ.

ನಾಲ್ಕನೇ ದೋಸೆಗೆ ಕೈ ಹಾಕುವಾಗ ಕಾಂಪೌಂಡಿನ ಆಚೆ ಅಮ್ಮನ ದನಿ ಕೇಳಿತು. ಪಕ್ಕದ ಮನೆ ಅಕ್ಕನಿಗೆ ಹೇಳುತ್ತಿದ್ದಳು:

"ಒಂದೇ ಡೋಸಿಗೆ ಎಲ್ಲಾ ಹುಳ ಸತ್ತುವು ನೋಡವ್ವಾ, ಹೆಂಗೆ ತಿನ್ನಾಕತ್ತಾನ!"