ದರ್ಶಿನಿಯಲ್ಲಿ ನಾಲ್ಕು ಕುರ್ಚಿ ಹಾಕಿ, ದಯವಿಟ್ಟು

ಹೋದ ಭಾನುವಾರ ಅಮ್ಮನನ್ನು ಕರೆದುಕೊಂಡು ತಿಂಡಿಗೆ ಹೋಗಿದ್ದೆ. ಅಮ್ಮನಿಗೆ ಈಗ 74. ಎರಡೂ ಮಂಡಿ ಸವೆದಿವೆ. ಆಪರೇಷನ್ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಾಳೆ. ಹದಿನೈದು ದಿನದಿಂದ "ಹೋಟ್ಲಲ್ಲಿ ಒಂದು ಒಳ್ಳೆ ಮಸಾಲೆ ದೋಸೆ ತಿನ್ಬೇಕು ಕಣೇ" ಅಂತಿದ್ದಳು. ಪಾರ್ಸೆಲ್ ತರ್ತೀನಿ ಅಂದರೆ ಬೇಡ ಅಂದಳು. ಡಬ್ಬಿಯೊಳಗೆ ಕೂತು ಮನೆಗೆ ಬರುವಷ್ಟರಲ್ಲಿ ದೋಸೆ ಬೆವೆತು ಮೆತ್ತಗಾಗಿರುತ್ತೆ, ಅದು ಅವಳ ದೂರು. ಅವಳು ಹೇಳೋದು ಸರಿಯಾಗೇ ಇದೆ.

ಬೆಂಗಳೂರಿನ ಜಯನಗರದಲ್ಲಿ ನಮ್ಮ ಮನೆ ಹತ್ತಿರವೇ ಒಂದು ದರ್ಶಿನಿ, ಅಂದರೆ ನಿಂತುಕೊಂಡೇ ತಿನ್ನುವ ಹೋಟೆಲ್. ಹೆಸರು ಬೇಡ, ಯಾಕೆಂದರೆ ನಾನು ಹೇಳ್ತಿರೋದು ಒಂದು ಹೋಟೆಲಿನ ವಿಷಯ ಅಲ್ಲ. ಗಲ್ಲಾದಲ್ಲಿ ದುಡ್ಡು ಕೊಟ್ಟು ಟೋಕನ್ ತಗೊಂಡೆ. ದೋಸೆ ಕೌಂಟರಿನಲ್ಲಿ ಅಷ್ಟೊತ್ತಿಗೆ ಹತ್ತು ಹನ್ನೆರಡು ಜನ. ಕಲ್ಲಿನ ಮೇಲೆ ನೀರು ಚುಮುಕಿಸಿ, ಕಡ್ಡಿಪೊರಕೆಯಲ್ಲಿ ಗುಡಿಸಿ, ಒಂದೇ ಸಲಕ್ಕೆ ಸಾಲು ಸಾಲಾಗಿ ದೋಸೆ ಹುಯ್ಯುತ್ತಿದ್ದರು. ಆ ಚುಂಯ್ ಸದ್ದು, ಎಣ್ಣೆ ಬಿದ್ದಾಗ ಏಳುವ ಪರಿಮಳ. ಅಮ್ಮನ ಮುಖ ಅರಳಿತ್ತು.

ಆಮೇಲೆ ತಟ್ಟೆ ಹಿಡಿದು ಟೇಬಲ್ ಹತ್ತಿರ ಬಂದೆವು. ನಿಮಗೆ ಗೊತ್ತೇ ಇದೆಯಲ್ಲ, ಸ್ಟೀಲ್ ಕಂಬದ ಮೇಲೆ ದುಂಡಗಿನ ಗ್ರಾನೈಟ್ ಕಲ್ಲು. ಈಗಷ್ಟೇ ಒರೆಸಿದ್ದರಿಂದ ಒದ್ದೆ. ಅಮ್ಮ ಕುಳ್ಳಿ. ಆ ಕಲ್ಲು ಅವಳ ಎದೆಮಟ್ಟಕ್ಕೆ ಬರುತ್ತೆ. ಎಡಗೈಯಲ್ಲಿ ಕಲ್ಲಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಳು, ಬಲಗೈಯ ಮೊಣಕೈ ಮೇಲಕ್ಕೆತ್ತಿ ದೋಸೆ ಮುರಿಯಬೇಕು. ಮೊದಲ ತುತ್ತಿಗೆ "ಚೆನ್ನಾಗಿದೆ" ಅಂದಳು. ಮೇಲೆ ಗರಿಗರಿ, ಒಳಗೆ ಮೆತ್ತಗೆ, ಕೆಂಪು ಚಟ್ನಿ ಸವರಿದ ಜಾಗ ಹುಡುಕಿ ತಿಂದಳು. ಮೂರು ನಿಮಿಷ ಆಗಿರಬೇಕು, ಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ಹಾಕೋಕೆ ಶುರು ಮಾಡಿದಳು. ಆಮೇಲೆ ತಿನ್ನೋದು ನಿಲ್ಲಿಸಿ ಸುಮ್ನೆ ಟೇಬಲ್ ಹಿಡಿದು ನಿಂತಳು. ಪಲ್ಯ ಎಲ್ಲಾ ಹಾಗೇ ಇತ್ತು. "ಸಾಕು ಕಣೇ, ಹೊಟ್ಟೆ ತುಂಬ್ತು" ಅಂದಳು.

ಹೊಟ್ಟೆ ತುಂಬಿರಲಿಲ್ಲ. ಮನೆಗೆ ಬಂದು ಹತ್ತು ನಿಮಿಷಕ್ಕೆ ಎರಡು ಬ್ರೆಡ್ ತಿಂದಳು. ಆಟೋದಲ್ಲಿ ಬರುವಾಗ ಹೊರಗೆ ನೋಡುತ್ತಾ "ಇನ್ಮೇಲೆ ಪಾರ್ಸೆಲ್ಲೇ ತಂದುಬಿಡು" ಅಂದಳು. ಆ ಮಾತು ನನ್ನನ್ನು ನಾಲ್ಕು ದಿನ ಬಿಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡ್ತೀನಿ, ದರ್ಶಿನಿ ಅಂದರೆ ನನಗೆ ಪ್ರಾಣ. ಇದು ನಮ್ಮ ಊರಿನಲ್ಲೇ, ನಮ್ಮ ಏರಿಯಾದಲ್ಲೇ ಹುಟ್ಟಿದ್ದು. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿ ಶುರು ಮಾಡಿದರು. ಚಿಕ್ಕ ಜಾಗ, ಕಣ್ಣೆದುರೇ ಅಡುಗೆ, ಸಪ್ಲೈಯರ್ ಇಲ್ಲ, ಕುರ್ಚಿ ಇಲ್ಲ, ಟಿಪ್ಸ್ ಇಲ್ಲ. ದುಡ್ಡು ಕೊಡು, ನೀನೇ ತಗೋ, ನಿಂತು ತಿನ್ನು, ಹೊರಡು. ಹಾಗಾಗಿ ರೇಟೂ ಕಮ್ಮಿ. ಆಮೇಲೆ ಬೆಂಗಳೂರಿನ ಮೂಲೆಮೂಲೆಯಲ್ಲೂ ದರ್ಶಿನಿಗಳು, ಅದೇ ಥರದ ಸಾಗರ್‌ಗಳು ಬಂದವು. ಊರಿಂದ ಕೆಲಸ ಹುಡುಕಿಕೊಂಡು ಬಂದು ರೂಮ್ ಮಾಡಿಕೊಂಡಿದ್ದ ಎಷ್ಟು ಹುಡುಗರನ್ನು ಇವು ಸಾಕಿವೆ!

ಅಪ್ಪ ಬ್ಯಾಂಕಿನಲ್ಲಿದ್ದರು. ಸಂಬಳ ಬಂದ ಶನಿವಾರ ನಮ್ಮನ್ನೆಲ್ಲ ದರ್ಶಿನಿಗೆ ಕರೆದುಕೊಂಡು ಹೋಗುತ್ತಿದ್ದರು. ಅಮ್ಮ ಆಗ ಹೊಸದರಲ್ಲಿ ಮುಖ ಸಿಂಡರಿಸುತ್ತಿದ್ದಳಂತೆ. ನಿಂತ್ಕೊಂಡು ತಿನ್ನೋದು ಯಾವ ಶಾಸ್ತ್ರ ಅಂತ. ತುಮಕೂರು ಕಡೆಯ ಹಳ್ಳಿ ಮನೆಯಲ್ಲಿ ಮಣೆ ಹಾಕಿಕೊಂಡು ಕೂತು ಊಟ ಮಾಡಿದವಳು. ಆದರೆ ಎರಡೇ ತಿಂಗಳಲ್ಲಿ ಚೌಚೌ ಬಾತ್ ಅಂದರೆ ಅಪ್ಪನಿಗಿಂತ ಮುಂಚೆ ಚಪ್ಪಲಿ ಮೆಟ್ಟುತ್ತಿದ್ದಳು. ನಾನು ಅಪ್ಪನ ಸೊಂಟದ ಮೇಲೆ ಕೂತು ಕೇಸರಿಬಾತಿನ ದ್ರಾಕ್ಷಿ ಆರಿಸಿ ತಿನ್ನುತ್ತಿದ್ದೆ. ಕೊನೆಗೆ ಬೈಟು ಕಾಫಿ. ಸ್ಟೀಲ್ ಲೋಟ ಸುಡುತ್ತೆ ಅಂತ ಅಮ್ಮ ಸೆರಗಿನ ತುದಿಯಲ್ಲಿ ಹಿಡಿದು ಕುಡಿಯುತ್ತಿದ್ದಳು. ಈಗಲೂ ಹಾಗೇ ಕುಡಿಯೋದು.

ನಿಂತು ತಿನ್ನುವ ಟೇಬಲ್ಲು ಇನ್ನೊಂದು ದೊಡ್ಡ ಕೆಲಸ ಮಾಡಿದೆ, ಅದನ್ನೂ ಹೇಳಬೇಕು. ಒಂದು ಕಾಲದಲ್ಲಿ ಹೋಟೆಲ್‌ಗಳಲ್ಲಿ ಬ್ರಾಹ್ಮಣರಿಗೆ ಅಂತ ಬೇರೆ ಕೋಣೆ ಇರುತ್ತಿತ್ತು. ಯಾರು ಎಲ್ಲಿ ಕೂರಬೇಕು ಅನ್ನೋದು ಜಾತಿ ಮೇಲೆ ಹೋಗುತ್ತಿತ್ತು. ದರ್ಶಿನಿ ಬರುವ ಹೊತ್ತಿಗೆ ಆ ಕೋಣೆಗಳು ಹೋಗಿದ್ದವು, ನಿಜ. ಆದರೆ ದರ್ಶಿನಿಯಲ್ಲಿ ಕೂರುವ ಮಾತೇ ಇಲ್ಲವಲ್ಲ. ಆಟೋ ಓಡಿಸುವವರು, ಆಫೀಸರ್, ಕಾಲೇಜು ಹುಡುಗಿ, ಗಾರೆ ಕೆಲಸದವರು ಒಂದೇ ದುಂಡು ಕಲ್ಲಿನ ಸುತ್ತ. "ಸ್ವಲ್ಪ ಜರುಗಿ ಸರ್" ಅಂದರೆ ಮುಗೀತು. ನಮ್ಮ ಊರಿನಲ್ಲಿ ನನಗೆ ತುಂಬಾ ಹೆಮ್ಮೆ ಅನ್ನಿಸುವ ಜಾಗ ಅದು.

ಅದಕ್ಕೇ ನನಗೆ ಜಾಸ್ತಿ ಬೇಜಾರು. ಎಲ್ಲರಿಗೂ ಬಾಗಿಲು ತೆಗೆದ ಜಾಗ, ನಿಲ್ಲೋಕಾಗದವರನ್ನು ಹೊರಗೆ ಇಟ್ಟುಬಿಟ್ಟಿದೆ. ಬೇಕು ಅಂತ ಯಾರೂ ಇಟ್ಟಿಲ್ಲ. ಆದರೆ ಆಗಿರೋದು ಅದೇ.

ಸೋಮವಾರ ಬೆಳಗ್ಗೆ ಅದೇ ಹೋಟೆಲಿಗೆ ಒಬ್ಬಳೇ ಹೋಗಿ, ಕಾಫಿ ಹಿಡಿದು ಅರ್ಧ ಗಂಟೆ ನೋಡುತ್ತಾ ನಿಂತಿದ್ದೆ. ಬಸುರಿ ಹೆಣ್ಣುಮಗಳೊಬ್ಬಳು ಗಂಡನ ತೋಳು ಹಿಡಿದುಕೊಂಡು ಇಡ್ಲಿ ತಿಂದಳು. ಆರು ವರ್ಷದ ಹುಡುಗನಿಗೆ ಟೇಬಲ್ ಮೇಲೆ ಏನಿದೆ ಅನ್ನೋದೇ ಕಾಣುತ್ತಿರಲಿಲ್ಲ, ಅವರಜ್ಜ ಬಗ್ಗಿ ಬಗ್ಗಿ ತಿನ್ನಿಸುತ್ತಿದ್ದರು. ಕೈಯಲ್ಲಿ ಕೋಲು ಹಿಡಿದ ಒಬ್ಬರು ತಟ್ಟೆಯನ್ನೂ ಕೋಲನ್ನೂ ಒಟ್ಟಿಗೆ ಹಿಡಿಯೋಕಾಗದೆ, ತಟ್ಟೆ ತಂದು ಹೊರಗೆ ನಿಲ್ಲಿಸಿದ್ದ ಯಾರದೋ ಸ್ಕೂಟರ್ ಸೀಟಿನ ಮೇಲೆ ಇಟ್ಟುಕೊಂಡು ತಿಂದರು. ವಾಕಿಂಗ್ ಮುಗಿಸಿ ಬಂದ ಹಿರಿಯರ ಗುಂಪು ಒಂದಿತ್ತು, ನಗುತ್ತಾ ಮಾತಾಡುತ್ತಾ ಇದ್ದರು. ಅವರನ್ನು ನೋಡಿದ ಮಾಲೀಕರಿಗೆ ವಯಸ್ಸಾದವರೂ ಆರಾಮಾಗಿ ಬರ್ತಾರಲ್ಲ ಅನ್ನಿಸುತ್ತೆ. ಅವರೆಲ್ಲ ವಾಕಿಂಗ್ ಮಾಡುವಷ್ಟು ಕಾಲು ಗಟ್ಟಿ ಇರುವವರು ಸ್ವಾಮಿ. ಕಾಲು ಗಟ್ಟಿ ಇಲ್ಲದವರು ಬರೋದನ್ನೇ ಬಿಟ್ಟಿದ್ದಾರೆ. ಬರದವರು ಯಾರ ಕಣ್ಣಿಗೂ ಬೀಳಲ್ಲ.

ಮಾಲೀಕರನ್ನೇ ಕೇಳಿದೆ. ಒಳ್ಳೆಯವರು, ಕುಂದಾಪುರ ಕಡೆಯವರು, ಬೈಯಲಿಲ್ಲ. "ನೋಡಿ ಮೇಡಂ, ಬಾಡಿಗೆ ಎಷ್ಟು ಅಂತ ನಿಮಗೆ ಗೊತ್ತಾ? ಕುರ್ಚಿ ಹಾಕಿದರೆ ಹುಡುಗರು ಲ್ಯಾಪ್‌ಟಾಪ್ ಇಟ್ಕೊಂಡು ಒಂದು ಕಾಫಿಗೆ ಒಂದು ಗಂಟೆ ಕೂರ್ತಾರೆ. ಆಗ ನಾವು ಇಡ್ಲಿ ರೇಟು ಏರಿಸಬೇಕಾಗುತ್ತೆ" ಅಂದರು. ಆಮೇಲೆ, "ಅಮ್ಮನಿಗೆ ಕೂರೋಕೆ ಬೇಕಿದ್ದರೆ ಮೇಲೆ ಎಸಿ ಹಾಲ್ ಇದೆಯಲ್ಲ" ಅಂತಲೂ ಅಂದರು.

ಈ ಎಸಿ ಹಾಲ್ ವಿಷಯ ಬೆಂಗಳೂರಿನವರೆಲ್ಲ ನೋಡಿರ್ತೀರಿ. ಕೆಳಗೆ ನಿಂತು ತಿನ್ನೋದು, ಮೇಲಿನ ಮಹಡಿಯಲ್ಲಿ ಕೂತು ತಿನ್ನೋದು. ಎಷ್ಟೋ ಕಡೆ ಲಿಫ್ಟ್ ಇಲ್ಲ. ಕಿರಿದಾದ ಮೆಟ್ಟಿಲು, ಅದೂ ಕಡಿದಾಗಿ, ಪಕ್ಕದಲ್ಲಿ ಹಿಡಿಯೋಕೆ ಕಂಬಿಯೂ ಕೆಲವು ಕಡೆ ಇರಲ್ಲ. ಮೇಲೆ ಹೋದರೆ ಅದೇ ದೋಸೆಗೆ ರೇಟು ಬೇರೆ. ಅಂದರೆ ಕುರ್ಚಿ ಇದೆ, ಆದರೆ ಅದು ಮೆಟ್ಟಿಲು ಹತ್ತಬಲ್ಲವರಿಗೆ. ಮೆಟ್ಟಿಲು ಹತ್ತುವ ಕಾಲಿದ್ದರೆ ಅಮ್ಮ ಕೆಳಗೇ ನಿಂತು ತಿನ್ನುತ್ತಿದ್ದಳು. ಇಷ್ಟು ಸರಳ ವಿಷಯ ಹೋಟೆಲ್ ಕಟ್ಟುವಾಗ ಯಾರಿಗೂ ಹೊಳೆಯಲಿಲ್ಲವಾ?

ಕೂತರೆ ಜನ ಏಳಲ್ಲ ಅನ್ನೋದನ್ನು ನಾನು ಪೂರ್ತಿ ಒಪ್ಪಲ್ಲ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ನಡೀತಿದೆ. ಅಲ್ಲಿ ಎಲ್ಲರೂ ಕೂತೇ ತಿನ್ನೋದು. ಸಪ್ಲೈಯರ್ ಒಂದು ತೋಳಿನುದ್ದಕ್ಕೂ ದೋಸೆ ತಟ್ಟೆಗಳನ್ನು ಪೇರಿಸಿಕೊಂಡು ಬರ್ತಾರೆ, ಗುರುತು ಪರಿಚಯ ಇಲ್ಲದವರ ಜೊತೆ ಟೇಬಲ್ ಹಂಚಿಕೊಂಡು ತಿಂತೀವಿ, ಹೊರಗೆ ಜನ ಕಾಯ್ತಿರೋದು ಗೊತ್ತಿರುತ್ತೆ, ಕಾಫಿ ಕುಡಿದು ಎದ್ದು ಬರ್ತೀವಿ. ಯಾರಾದರೂ ಬೋರ್ಡ್ ಹಾಕಿ ಎಬ್ಬಿಸಬೇಕಾ? 1924ರಲ್ಲಿ ಶುರುವಾದ ಎಂಟಿಆರ್ ಕೂಡ ಕೂತು ತಿನ್ನುವ ಜಾಗವೇ. ಲಾಲ್‌ಬಾಗ್ ರಸ್ತೆಯಲ್ಲಿ ಸರದಿಗೆ ಕಾದು ಒಳಗೆ ಹೋಗ್ತೀವಿ, ರವೆ ಇಡ್ಲಿ ತಿಂದು ಬರ್ತೀವಿ.

ಮಿಲಿಟರಿ ಹೋಟೆಲ್‌ಗಳನ್ನು ನೋಡಿ. ಅಮ್ಮ ಅಲ್ಲಿಗೆ ಬರಲ್ಲ, ನಾನು ಹೋಗ್ತೀನಿ. ಪೇಟೆ ಕಡೆಯ ಹಳೇ ಮಿಲಿಟರಿ ಹೋಟೆಲ್‌ಗಳು ಎಷ್ಟು ಚಿಕ್ಕವು ಅಂದರೆ, ಒಬ್ಬರು ಒಳಗೆ ಬರಬೇಕಾದರೆ ಒಬ್ಬರು ಎದ್ದು ಜಾಗ ಬಿಡಬೇಕು. ಆದರೂ ಬೆಂಚು ಇದೆ. ಯಾಕೆ? ಮುದ್ದೆ ನಿಂತ್ಕೊಂಡು ತಿನ್ನೋಕಾಗಲ್ಲ. ಬಿಸಿ ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ನುಂಗಬೇಕಾದರೆ ಕೂರಲೇಬೇಕು. ಊಟವೇ ಹಾಗೆ ಕೇಳುತ್ತೆ, ಅದಕ್ಕೆ ಜಾಗ ಮಾಡಿದ್ದಾರೆ. ಎರಡು ಬೆಂಚಿನ ಹೋಟೆಲಿನಲ್ಲಿ ಮಧ್ಯಾಹ್ನ ಎಷ್ಟು ಪಂಕ್ತಿ ಏಳುತ್ತವೆ ಅಂತ ಒಂದು ದಿನ ನಿಂತು ನೋಡಿ. ಮುದ್ದೆಗೆ ಕೊಟ್ಟ ಮರ್ಯಾದೆ ಮಂಡಿಗೂ ಕೊಡಬಹುದು ಅಲ್ವಾ?

ನಾನು ಎಲ್ಲರಿಗೂ ಕುರ್ಚಿ ಹಾಕಿ ಅಂತಿಲ್ಲ. ದರ್ಶಿನಿ ದರ್ಶಿನಿಯಾಗೇ ಇರಲಿ. ಒಂದು ಮೂಲೆಯಲ್ಲಿ ಗೋಡೆಗೆ ಅಂಟಿಕೊಂಡಂತೆ ಒಂದು ತಗ್ಗಿನ ಟೇಬಲ್, ನಾಲ್ಕು ಕುರ್ಚಿ. ಬೆನ್ನಿಗೆ ಆನಿಕೆ ಇರುವ ಕುರ್ಚಿ, ಜಾರುವ ಸ್ಟೂಲ್ ಅಲ್ಲ. "ಹಿರಿಯರಿಗೆ, ಬಸುರಿಯರಿಗೆ, ಮಕ್ಕಳಿಗೆ, ಅಂಗವಿಕಲರಿಗೆ" ಅಂತ ಕನ್ನಡದಲ್ಲಿ ಒಂದು ಬೋರ್ಡ್. ಬಾಗಿಲ ಮೆಟ್ಟಿಲ ಪಕ್ಕ ಒಂದು ಕಂಬಿ. ಅಷ್ಟೇ. ದುಂಡು ಕಲ್ಲುಗಳಲ್ಲಿ ಒಂದನ್ನು ತೆಗೆದರೆ ಜಾಗ ಆಗುತ್ತೆ. ಬಿಎಂಟಿಸಿ ಬಸ್ಸಿನಲ್ಲಿ, ಮೆಟ್ರೋದಲ್ಲಿ ಹಿರಿಯರಿಗೆ ಸೀಟು ಬಿಟ್ಟಿಟ್ಟಿದ್ದೀವಿ. ಬಸ್ಸಿನಲ್ಲೂ ಉಳಿದವರು ನಿಂತೇ ಹೋಗೋದು. ಅದೇ ಲೆಕ್ಕ ಇಲ್ಲಿ ಯಾಕಾಗಲ್ಲ? ಕಾನೂನೂ ಇದರ ಪರವಾಗೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸಾರ್ವಜನಿಕ ಕಟ್ಟಡ ಅಂದರೆ ಸರ್ಕಾರದ್ದು ಮಾತ್ರ ಅಲ್ಲ, ಜನ ಬಳಸುವ ಖಾಸಗಿ ಕಟ್ಟಡವೂ ಸೇರುತ್ತೆ. ಆದರೆ ಕೇಸು ಗೀಸು ಅಂತ ಹೋಗೋ ಆಸೆ ನನಗಿಲ್ಲ. ದಿನಾ ಮುಖ ನೋಡುವ ಹೋಟೆಲಿನವರ ಜೊತೆ ಜಗಳ ಯಾಕೆ? ಕೇಳಿದರೆ ಮಾಡ್ತಾರೆ ಅನ್ನೋ ನಂಬಿಕೆ ಇದೆ.

ಆ ನಂಬಿಕೆಗೆ ಕಾರಣ ಇದೆ. ಹೋದ ವರ್ಷ ಬಸವನಗುಡಿಯಲ್ಲಿ ಡಾಕ್ಟರ್ ಹತ್ತಿರ ಹೋಗಿ ಬರುವಾಗ ಒಂದು ಪುಟ್ಟ ಹೋಟೆಲಿಗೆ ಹೋಗಿದ್ದೆವು. ಅದೂ ನಿಂತು ತಿನ್ನೋ ಜಾಗವೇ. ಟೇಬಲ್ ಒರೆಸುತ್ತಿದ್ದ ಹೆಂಗಸು ಅಮ್ಮ ನಡೆದು ಬರೋದನ್ನು ನೋಡಿದರು. ಏನೂ ಕೇಳಲಿಲ್ಲ. ಒಳಗೆ ಹೋಗಿ, ತರಕಾರಿ ಹೆಚ್ಚುವವರು ಕೂರುವ ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದು ಗೋಡೆ ಪಕ್ಕ ಹಾಕಿ, ತಮ್ಮ ಬಟ್ಟೆಯಲ್ಲೇ ಒರೆಸಿ, "ಕೂತ್ಕೊಳ್ಳಿ ಅಮ್ಮ, ನಾನೇ ತಂದ್ಕೊಡ್ತೀನಿ" ಅಂದರು. ಅಮ್ಮ ತಟ್ಟೆ ತೊಡೆ ಮೇಲಿಟ್ಟುಕೊಂಡು ಎರಡು ಇಡ್ಲಿ, ಒಂದು ವಡೆ ಪೂರ್ತಿ ತಿಂದಳು. ಚಟ್ನಿ ಎರಡನೇ ಸಲ ಹಾಕಿಸಿಕೊಂಡಳು. ಆಮೇಲೆ ಕಾಫಿ, ಬೈಟು ಅಲ್ಲ, ಪೂರ್ತಿ. ಸೆರಗಿನಲ್ಲಿ ಲೋಟ ಹಿಡಿದುಕೊಂಡು, ಎದುರಿನ ರಸ್ತೆಯಲ್ಲಿ ಹೋಗಿ ಬರುವವರನ್ನು ನೋಡುತ್ತಾ, ನಿಧಾನವಾಗಿ. ಹೊರಡುವಾಗ ಆ ಹೆಂಗಸಿನ ಕೈ ಹಿಡಿದು ಅವರ ಊರು ಯಾವುದು, ಮಕ್ಕಳೆಷ್ಟು ಎಲ್ಲ ಕೇಳಿ ಬಂದಳು.

ಹೋಟೆಲಿಗೆ ಹೋಗೋದು ಅಂದರೆ ಅಮ್ಮನಿಗೆ ಅದು. ದೋಸೆ ಒಂದೇ ಅಲ್ಲ. ಇಡೀ ಜೀವನ ಬೇರೆಯವರಿಗೆ ಬಡಿಸಿದವಳು. ಇನ್ಯಾರೋ ಮಾಡಿದ್ದನ್ನು ಬಿಸಿಬಿಸಿಯಾಗಿ, ನಾಲ್ಕು ಜನರ ಮಧ್ಯೆ ಕೂತು ತಿನ್ನುವ ಸುಖ ಪಾರ್ಸೆಲ್ ಡಬ್ಬಿಯಲ್ಲಿ ಬರಲ್ಲ.

ನಮ್ಮ ಕಡೆಯಿಂದಲೂ ಆಗಬೇಕಾದ್ದು ಸ್ವಲ್ಪ ಇದೆ. ಆ ನಾಲ್ಕು ಕುರ್ಚಿ ಹಾಕಿದ ದಿನ ಅಲ್ಲಿ ನಮ್ಮ ಬ್ಯಾಗು, ಹೆಲ್ಮೆಟ್ ಇಡಬಾರದು. ಅಜ್ಜಿ ಒಬ್ಬರು ಬಂದರೆ ಎದ್ದೇಳಬೇಕು, ಮಾಲೀಕರು ಬಂದು ಹೇಳುವ ತನಕ ಕಾಯಬಾರದು. ನಿಮ್ಮ ಮಾಮೂಲಿ ಹೋಟೆಲಿನಲ್ಲಿ ಗಲ್ಲಾದ ಹತ್ತಿರ ಟೋಕನ್ ತಗೊಳ್ಳುವಾಗ ಒಂದು ಮಾತು ಹೇಳಿ, "ಸರ್, ಕೂರೋಕೆ ಒಂದೆರಡು ಕುರ್ಚಿ ಹಾಕಿಸಿ" ಅಂತ. ಒಬ್ಬರು ಹೇಳಿದರೆ ಮರೀತಾರೆ. ವಾರದಲ್ಲಿ ಹತ್ತು ಜನ ಹೇಳಿದರೆ ಹಾಕಿಸ್ತಾರೆ. ನಮ್ಮ ಕುಂದಾಪುರದವರು ಸದ್ಯಕ್ಕೆ "ನೋಡೋಣ ಮೇಡಂ" ಅಂದಿದ್ದಾರೆ. ನಾನು ದಿನಾ ಬೆಳಗ್ಗೆ ಕಾಫಿಗೆ ಹೋಗಿ ನೆನಪಿಸ್ತಾ ಇದ್ದೀನಿ.

ಅಲ್ಲಿಯ ತನಕ ನಿಮ್ಮ ಸಹಾಯ ಬೇಕು. ಜಯನಗರ, ಬಸವನಗುಡಿ, ಬನಶಂಕರಿ, ಚಾಮರಾಜಪೇಟೆ ಸುತ್ತಮುತ್ತ ಕೆಳಗಿನ ಮಹಡಿಯಲ್ಲೇ ಕೂತು ತಿನ್ನುವ, ದೋಸೆ ಚೆನ್ನಾಗಿರುವ ಹೋಟೆಲ್ ಗೊತ್ತಿದ್ದರೆ ಹೆಸರು ಬರೆಯಿರಿ. ಬಾಗಿಲಲ್ಲಿ ಮೆಟ್ಟಿಲು ಎಷ್ಟಿದೆ ಅಂತಲೂ ಬರೆಯಿರಿ. ಎರಡು ಮೆಟ್ಟಿಲಾದರೆ ಅಮ್ಮ ಹತ್ತುತ್ತಾಳೆ, ನಾನು ಕೈ ಹಿಡ್ಕೋತೀನಿ. ಈ ಭಾನುವಾರ ಬೆಳಗ್ಗೆ ಏಳಕ್ಕೇ ಹೊರಡಬೇಕು ಅಂದುಕೊಂಡಿದ್ದೀವಿ.