ಇಲಿ ನುಂಗಿದ ಹಾವು, ಅಂದ್ರೆ ನಮ್ಮ ಅರವತ್ತಡಿ ರೋಡು

ನಮ್ಮ ಅಪಾರ್ಟ್‌ಮೆಂಟ್ ಒಳಗಿನ ರೋಡು ಒಂದ್ಸಲ ಬಂದು ನೋಡ್ಬೇಕು ನೀವು. ಇಂಟರ್‌ಲಾಕ್ ಟೈಲ್ಸು, ಎರಡೂ ಕಡೆ ಫುಟ್‌ಪಾತು, ತಿರುವಿನಲ್ಲಿ ದುಂಡು ಕನ್ನಡಿ, ಗಂಟೆಗೆ 10 ಕಿಲೋಮೀಟರ್ ಅಂತ ಬೋರ್ಡು, ಝೀಬ್ರಾ ಕ್ರಾಸಿಂಗು ಬೇರೆ. ಆ ಝೀಬ್ರಾ ಮೇಲೆ ನಿಯಮ ಪಾಲಿಸ್ಕೊಂಡು ದಾಟಿದ್ದನ್ನ ನಾನು ನೋಡಿರೋದು ಕ್ಲಬ್‌ಹೌಸ್ ಬೆಕ್ಕನ್ನ ಮಾತ್ರ. ಇಷ್ಟು ವೈಭೋಗ ಮುಗಿಸಿ ಗೇಟಿಂದಾಚೆ ಕಾಲಿಟ್ರೆ ಬೆಂಗಳೂರಿನ ವರ್ತೂರು-ಸರ್ಜಾಪುರ ಮಧ್ಯದ ಹಳೇ ಗಾಡಿ ಜಾಡು, ಹೊಲಕ್ಕೆ ಗೊಬ್ಬರದ ಗಾಡಿ ಹೋಗ್ತಿದ್ದ ದಾರಿ, ಅದರ ಮೇಲೆ ಒಂದು ಕೋಟ್ ಡಾಂಬರು.

ಲೆಕ್ಕ ಹಾಕಿ. 1,400 ಫ್ಲ್ಯಾಟು. ಮನೆಗೊಂದೇ ಕಾರು ಅಂದ್ಕೊಳ್ಳಿ (ನಮ್ಮನೇಲಿ ಎರಡಿದೆ, ಅದು ಬೇರೆ ವಿಷ್ಯ). ಕಾರಿಗೆ ಐದು ಮೀಟರ್ ಜಾಗ ಅಂದ್ರೂ ಸಾಲು ಏಳು ಕಿಲೋಮೀಟರ್ ಆಯ್ತು. ಗೇಟಿಂದ ಮೇನ್ ರೋಡಿಗೆ ಇರೋದು 1.8 ಕಿಲೋಮೀಟರ್. ಅಂದ್ರೆ ಮೊದಲನೇ ಕಾರು ಮೇನ್ ರೋಡ್ ಮುಟ್ಟಿದಾಗ ಸಾವಿರ ಕಾರು ಇನ್ನೂ ಬೇಸ್‌ಮೆಂಟಲ್ಲೇ ಹಾರ್ನ್ ಹೊಡೀತಿರುತ್ತೆ. ಸಾಲದ್ದಕ್ಕೆ ಗೇಟಲ್ಲಿ ಆ ಅಡ್ಡಕೋಲು, ಸ್ಟಿಕ್ಕರ್ ಓದಿ ಮೇಲೇಳೋಕೆ ಆರು ಸೆಕೆಂಡ್, ಹಾಗಾದ್ರೆ ಗಂಟೆಗೆ ಆರುನೂರು ಕಾರು, ಎಲ್ರೂ ಹೊರಡೋದು ಎಂಟೂವರೆಗೆ, ಕೊನೇ ಕಾರು ಗೇಟ್ ದಾಟೋದು ಹತ್ತು ಐವತ್ತಕ್ಕೆ!

ಹಂಗಾದ್ರೆ ಪರ್ಮಿಷನ್ ಹೆಂಗ್ ಸಿಕ್ತು ಅಂತೀರಾ? ಕಾನೂನು ಪ್ರಕಾರವೇ ಸಿಕ್ತು, ಅದೇ ಮಜಾ. ಸೈಟ್ ಮುಂದೆ ರೋಡು ಅಗಲ ಇದ್ದಷ್ಟೂ ಜಾಸ್ತಿ ಕಟ್ಬಹುದು ಅಂತ ರೂಲು. ಬಿಲ್ಡರ್ ತನ್ನ ಜಾಗದಲ್ಲಿ ಒಂದು ಪಟ್ಟಿ ರೋಡ್ ವೈಡನಿಂಗ್‌ಗೆ ಅಂತ ಬರೆದುಕೊಟ್ಟ, ನಮ್ಮ ಕಾಂಪೌಂಡ್ ಮುಂದೆ 140 ಮೀಟರ್ ಉದ್ದಕ್ಕೆ ರೋಡು ಅರವತ್ತಡಿ ಆಯ್ತು. ಆ ಪಟ್ಟಿಯಿಂದ ಈಚೆಗೆ ಹದಿನೆಂಟಡಿ, ಆಚೆಗೆ ಮುನೇಶ್ವರನ ಗುಡಿ ಹತ್ರ ಹದಿನಾರಡಿ. ಮೇಲಿಂದ ನೋಡಿದ್ರೆ ಹಾವು ಇಲಿ ನುಂಗಿ ಮಲಗಿದಂಗೆ ಕಾಣುತ್ತೆ, ಆ ಇಲಿಯೇ ನಾವು.

ಆ ಅರವತ್ತಡೀಲಿ ವಾಹನ ಓಡ್ತಾವೆ ಅಂದ್ಕೋಬೇಡಿ. ನಾಲ್ಕು ನೀರಿನ ಟ್ಯಾಂಕರ್, ಎಳನೀರು ಟೆಂಪೋ, ಎಗ್ ರೈಸ್ ಗಾಡಿ, ಡೆಲಿವರಿ ಹುಡುಗರ ಬೈಕು, ಎಲ್ಲಾ ಅಲ್ಲೇ ಸಂಸಾರ ಹೂಡಿದ್ದಾವೆ. ನಟ್ಟ ನಡುವೆ ಕರೆಂಟ್ ಕಂಬ. ಮೊದಲು ಅದು ರೋಡಿನ ಅಂಚಲ್ಲೇ ಇತ್ತು ಪಾಪ, ರೋಡು ಆಚೆ ಸರೀತು, ಕಂಬಕ್ಕೆ ಯಾರೂ ನೋಟೀಸ್ ಕೊಡ್ಲಿಲ್ಲ.

ಇನ್ನು ಟ್ರಾಫಿಕ್ ಸ್ಟಡಿ. 20,000 ಚದರ ಮೀಟರ್ ದಾಟಿದ ಕಟ್ಟಡಕ್ಕೆ 2006ರ ಅಧಿಸೂಚನೆ ಪ್ರಕಾರ ಪರಿಸರ ಕ್ಲಿಯರೆನ್ಸ್ ಬೇಕು, ಆ ಫೈಲಲ್ಲಿ ಟ್ರಾಫಿಕ್ ವಿಚಾರಾನೂ ಬರುತ್ತೆ. ರೋಡಿಗೆ ಸ್ಕೂಲ್ ಮಕ್ಕಳ ಥರ ಗ್ರೇಡು, ‘ಎ’ ಅಂದ್ರೆ ಆರಾಮ, ‘ಎಫ್’ ಅಂದ್ರೆ ಗೋವಿಂದ. ನಮ್ಮ ರಿಪೋರ್ಟ್ ತೆಗೆದು ನೋಡ್ದೆ. ಅಪಾರ್ಟ್‌ಮೆಂಟ್ ಬರೋಕೆ ಮುಂಚೆ ‘ಸಿ’, 1,400 ಕಾರು ಸೇರಿದ್ಮೇಲೆ ‘ಬಿ’! ಎರಡು ಸಲ ಓದಿದ್ಮೇಲೆ ಅರ್ಥ ಆಯ್ತು, ಲೆಕ್ಕಕ್ಕೆ ತಗೊಂಡಿದ್ದ ಕಾರು ಇವತ್ತಿಂದು, ರೋಡು ಮಾತ್ರ ಮುಂದೆ ಯಾವತ್ತೋ ಅಗಲ ಆಗೋದು.

ಬ್ರೋಶರಲ್ಲಿ ಇನ್ನೊಂದಿತ್ತು, ‘ಪೆರಿಫೆರಲ್ ರಿಂಗ್ ರೋಡಿಗೆ ಐದೇ ನಿಮಿಷ’. ಊರ ಹೊರಗೆ ಸುತ್ತು ಹಾಕ್ಬೇಕಿರೋ ಈ ರೋಡಿಗೆ ಜಮೀನಿನ ಅಂತಿಮ ಅಧಿಸೂಚನೆ ಆಗಿದ್ದು 2007ರಲ್ಲಿ, ರೋಡು ಇನ್ನೂ ಬಂದಿಲ್ಲ. ಈಗ ಹೆಸರು ಬದಲಾಯಿಸಿ ಬೆಂಗಳೂರು ಬಿಸಿನೆಸ್ ಕಾರಿಡಾರ್ ಅಂತಾರೆ. ಕೂಸು ಹುಟ್ಟೋ ಮುಂಚೆ ಕುಲಾವಿ ಕೇಳಿದ್ದೆ, ಹುಟ್ಟೋ ಮುಂಚೆ ಎರಡು ನಾಮಕರಣ ನೋಡಿದ್ದು ಇದೇ ಮೊದಲು. ಊರು ಹೆಂಗೆ ಬೆಳೀಬೇಕು ಅನ್ನೋ ಮಾಸ್ಟರ್ ಪ್ಲಾನ್ ಕಥೇನೂ ಅಷ್ಟೇ, 2031ರದ್ದು ಕರಡು ಬಂತು, ವಾಪಸ್ ಹೋಯ್ತು, ಗೋಡೆ ಮೇಲೆ ಇನ್ನೂ 2015ರ ಕ್ಯಾಲೆಂಡರೇ.

ನಾವೂ ಸುಮ್ನೆ ಕೂತಿಲ್ಲ ಬಿಡಿ. ಅಸೋಸಿಯೇಷನ್ ಮೀಟಿಂಗ್ ಮೂರು ಗಂಟೆ ನಡೀತು, ಅದ್ರಲ್ಲಿ ಎರಡು ಗಂಟೆ ಒಳಗಿನ ಹಂಪು ಹಳದಿ ಇರ್ಬೇಕಾ ಬಿಳೀ ಇರ್ಬೇಕಾ ಅಂತ. ಮೆಟ್ರೋ ಫೀಡರ್ ಬಸ್ ಕೇಳೋಣ್ವಾ ಅಂತ ಒಬ್ರು ಆಂಟಿ ಎದ್ದು ನಿಂತು ಕೇಳಿದ್ರು, ಎಲ್ರೂ ‘ಒಳ್ಳೇ ಐಡಿಯಾ ಮೇಡಂ, ಬೇರೆಯವ್ರಿಗೆಲ್ಲಾ ತುಂಬಾ ಅನುಕೂಲ ಆಗುತ್ತೆ’ ಅಂದ್ರು. ಕೊನೆಗೆ ಎರಡನೇ ಗೇಟ್ ಮಾಡಿದ್ವಿ, ಮೊದಲನೇದ್ರಿಂದ ನಲವತ್ತು ಮೀಟರ್ ಆಚೆಗೆ, ಅದೇ ರೋಡಿಗೆ. ಈಗ ಎರಡು ಸಾಲು ಬಂದು ಸರಿಯಾಗಿ ಕಂಬದ ಹತ್ರ ಮುಖಾಮುಖಿ ಆಗ್ತಾವೆ.

ಕಂಬ ತೆಗೆಸೋಕೆ ಅರ್ಜಿ ರೆಡಿ ಆಗಿತ್ತು, ಸಹಿ ಸಂಗ್ರಹ ಬಾಕಿ ಇತ್ತು ಅಷ್ಟೇ. ಅಷ್ಟರಲ್ಲಿ ಆಯುಧಪೂಜೆ ಬಂತು. ಟ್ಯಾಂಕರ್ ಹುಡುಗರು ಗಾಡಿ ತೊಳೆದು, ಬೂದುಗುಂಬಳ ಒಡೆದು, ಉಳಿದ ಅರಿಶಿನ ಕುಂಕುಮ ಕಂಬಕ್ಕೂ ಹಚ್ಚಿ, ಬುಡಕ್ಕೊಂದು ಬಾಳೆಕಂದು ಕಟ್ಟಿ ಕೈ ಮುಗಿದಿದ್ದಾರೆ. ಮಾರನೇ ದಿನ ನಮ್ಮ ಸೆಕ್ರೆಟರಿನೂ ಕಾರಿನ ಸ್ಪೀಡ್ ಇಳಿಸಿ ಕಣ್ಣಿಗೊತ್ತಿಕೊಂಡು ಹೋದ್ರು. ಇನ್ನು ಅದನ್ನ ಕದಲ್ಸೋಕೆ ಯಾರಪ್ಪನ ಕೈಲೂ ಆಗಲ್ಲ.