ಬಚ್ಚಲಿನ ಮಣೆ

ಕಳೆದ ವರ್ಷ ತೀರ್ಥಹಳ್ಳಿಯಲ್ಲಿ ಅಣ್ಣನ ಗೃಹಪ್ರವೇಶ. ಎರಡನೇ ಪಂಕ್ತಿಗೆ ಎಲ್ಲರೂ ಬಡಿಸುತ್ತಿದ್ದರು, ನಾನು ಕುರ್ಚಿಯಲ್ಲಿ ಒರಗಿ ಕೂತಿದ್ದೆ. ಸೋದರತ್ತೆ ಕೋಸಂಬರಿ ಪಾತ್ರೆ ಹಿಡಿದೇ ನಿಂತು, "ಏನೇ, ಇಂಗ್ಲೆಂಡ್ ನೀರು ಕುಡಿದು ಸೋಮಾರಿ ಆಗ್ಬಿಟ್ಯಾ? ನೋಡೋಕೆ ಚೆನ್ನಾಗೇ ಇದ್ದೀಯಲ್ಲ!" ಅಂದರು. ಸುತ್ತಲಿನವರು ನಕ್ಕರು. ನಾನೂ ನಕ್ಕೆ.

ಚೆನ್ನಾಗಿದ್ದೆ ನಿಜ. ಆ ಸೀರೆ ಉಟ್ಟು ಅಷ್ಟು ಹೊತ್ತು ಕೂತಿದ್ದರ ಸಾಲ ತೀರಿಸಿದ್ದು ಆಮೇಲಿನ ನಾಲ್ಕು ದಿನ, ಕಿಟಕಿಗೆ ಬೆಡ್‌ಶೀಟ್ ಕಟ್ಟಿದ ಕೋಣೆಯಲ್ಲಿ. ನನಗಿರುವ ಕಾಯಿಲೆ ಕ್ರಾನಿಕ್ ಫಟೀಗ್ ಸಿಂಡ್ರೋಮ್. ಹಾಗಂದರೆ ಬರೀ ಸುಸ್ತು ಅಂದುಕೊಳ್ಳುತ್ತಾರೆ. ಸುಸ್ತಾದರೆ ಮಲಗಿ ಎದ್ದರೆ ಹೋಗುತ್ತದೆ, ಅಲ್ವಾ? ಇದು ಹೋಗಲ್ಲ. ಸ್ವಲ್ಪ ಜಾಸ್ತಿ ಓಡಾಡಿದರೆ ಅವತ್ತಲ್ಲ, ಮಾರನೇ ದಿನವೋ ಅದರಾಚೆಗೋ ಹೊಡೆತ ಬೀಳುತ್ತದೆ. ಗಂಟಲು ನೋವು, ಮೈಕೈ ನೋವು, ತಲೆಯೊಳಗೆ ಮಂಜು. ಒಮ್ಮೆ ಹಾಲು ಉಕ್ಕುವುದನ್ನು ನೋಡುತ್ತಾ ನಿಂತಿದ್ದೆ. ಒಲೆ ಆರಿಸಬೇಕು ಅನ್ನೋದೇ ಹೊಳೆಯಲಿಲ್ಲ.

ಇಲ್ಲಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಮನೆಗೆ ಬಂದ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ಕಾಯಿಲೆಯವರು ದಿನದ ಕೆಲಸಗಳನ್ನು ಸುಲಭವಾಗಿ ಮಾಡಿಕೊಳ್ಳೋಕೆ ದಾರಿ ಹೇಳುವವರು, ಮೊದಲು ಕೇಳಿದ್ದು, "ಸ್ನಾನ ನಿಂತು ಮಾಡ್ತೀರೋ, ಕೂತೋ?" ಮುಂದಿನ ವಾರ ಪ್ಲಾಸ್ಟಿಕ್ ಸ್ಟೂಲ್ ಬಂತು. ಶವರ್ ಕೆಳಗೆ ಅದರ ಮೇಲೆ ಕೂತಾಗ ನಗು ಬಂತು. ನಮ್ಮಜ್ಜಿ ಜೀವಮಾನವೆಲ್ಲಾ ಬಚ್ಚಲಲ್ಲಿ ಮಣೆ ಮೇಲೆ ಕೂತೇ ಮಿಂದವರು. ಮೆಟ್ಟುಗತ್ತಿ ಮುಂದೆ ಕೂತು ತರಕಾರಿ, ಕಡೆಗೋಲಿನ ಮುಂದೆ ಕೂತು ಮಜ್ಜಿಗೆ. ಈಗ ನಮ್ಮೂರಲ್ಲೂ ಅಡುಗೆ ನಿಂತು, ಸ್ನಾನ ನಿಂತು, ಬಫೆ ಬಂದ ಮೇಲೆ ಊಟವೂ ನಿಂತು. ಕೂತವಳು ಸೋಮಾರಿ!

ಇಲ್ಲಿಯವರು ಸುಮ್ನೆ ನಂಬುತ್ತಾರೆ, ಅಷ್ಟೇ ಸಾಕು ನನಗೆ. ಹಾಗಂತ ಇವರೇನು ಮೊದಲಿನಿಂದಲೂ ಹೀಗಿರಲಿಲ್ಲ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸುಮಾರು 300 ಸಿಬ್ಬಂದಿ ಇಂಥದ್ದೇ ಕಾಯಿಲೆ ಬಿದ್ದರು. 1970ರಲ್ಲಿ ಇಬ್ಬರು ಮನೋವೈದ್ಯರು ಅದನ್ನು ಸಾಮೂಹಿಕ ಉನ್ಮಾದ ಅಂದುಬಿಟ್ಟರು. ಬಿದ್ದವರಲ್ಲಿ ಹೆಂಗಸರೇ ಜಾಸ್ತಿ ಅನ್ನೋದೂ ಅವರಿಗೊಂದು ಸಾಕ್ಷಿ. ದಿನಾ ಸ್ವಲ್ಪ ಸ್ವಲ್ಪ ವ್ಯಾಯಾಮ ಹೆಚ್ಚಿಸಿ ಅನ್ನುವ ಸಲಹೆಯನ್ನು ಡಾಕ್ಟರುಗಳಿಗೆ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಇಲ್ಲಿನ ನೈಸ್ ಸಂಸ್ಥೆ ಕೈಬಿಟ್ಟಿದ್ದೇ 2021ರಲ್ಲಿ. ಅಲ್ಲಿಯವರೆಗೆ ಇಂಗ್ಲೆಂಡಿನ ಡಾಕ್ಟರೂ ನಮ್ಮತ್ತೆಯೂ ಹೇಳುತ್ತಿದ್ದದ್ದು ಒಂದೇ: ಎದ್ದು ಓಡಾಡು.

ಇನ್ನೊಂದನ್ನೂ ಹೇಳಿಬಿಡಬೇಕು, ಮನಸ್ಸಿಲ್ಲದಿದ್ದರೂ. ಸ್ಟೂಲ್ ತಲೆ ತೊಳೆದುಕೊಡಲ್ಲ. ರೆಡಿಂಗ್‌ನಲ್ಲಿ ಒಮ್ಮೆ ಒಂಬತ್ತು ದಿನ ಮಲಗಿದ್ದೆ, ಯಾರೂ ಬಾಗಿಲು ತಟ್ಟಲಿಲ್ಲ. ತೀರ್ಥಹಳ್ಳಿಯಲ್ಲಿ ಮೂರನೇ ದಿನ ಅತ್ತೆ ಹೇಳದೆ ಕೇಳದೆ ಕೋಣೆಗೆ ಬಂದರು. ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗಿ ಮಣೆ ಮೇಲೆ ಕೂರಿಸಿದರು. ಹಂಡೆಯಿಂದ ಬಿಸಿನೀರು ತೋಡಿ, ಸೀಗೆಪುಡಿ ಹಾಕಿ ನಿಧಾನಕ್ಕೆ ತಲೆ ತಿಕ್ಕಿದರು. ಕಾಯಿಲೆ ಏನು ಅಂತ ಆಗಲೂ ಕೇಳಲಿಲ್ಲ.

"ಎಣ್ಣೆ ಸಿಗಲ್ವೇನೇ ಅಲ್ಲಿ? ಕೂದಲು ಒಣಹುಲ್ಲು ಆಗಿದೆ" ಅಂತ ಬೈದದ್ದು ಬೇರೆ.